ರಿಮೋಟಕ್ಕನ ಕ್ರಿಸ್‌ಮಸ್ ಸಿನಿಮಾ

ನಾನು ನರ್ಸಾಗಿದ್ದ ಮೂಳೆ ವಾರ್ಡಿನ ಕೊನೆಯಲ್ಲಿ ಒಂದು ಉದ್ದನೆಯ ಕೋಣೆ ಇತ್ತು. ಹಾಸಿಗೆಯಿಂದ ಎದ್ದು ಕೂರಬಲ್ಲ ರೋಗಿಗಳು ಹಗಲು ಹೊತ್ತು ಅಲ್ಲಿಗೆ ಬರುತ್ತಿದ್ದರು. ಗೋಡೆಯ ಮೇಲೆ ಒಂದು ಟಿವಿ, ಅದರ ಕೆಳಗೆ ಯಾರೂ ಓದದ ಹಳೇ ಪತ್ರಿಕೆಗಳ ರಾಶಿ, ಕಿಟಕಿಯ ಪಕ್ಕ ರೆಕ್ಸಿನ್ ಹರಿದ ಕುರ್ಚಿಗಳು. ಟಿವಿಯ ರಿಮೋಟು ಮಾತ್ರ ಅಲ್ಲಿ ಇರುತ್ತಿರಲಿಲ್ಲ. ಅದು ವಾರ್ಡಿನ ಆಯಾ ಒಬ್ಬರ ಏಪ್ರನ್ ಜೇಬಿನಲ್ಲಿರುತ್ತಿತ್ತು. ಆದ್ದರಿಂದಲೇ ಅವರಿಗೆ ರಿಮೋಟಕ್ಕ ಎಂಬ ಹೆಸರು ಬಿತ್ತು. ದೊಡ್ಡ ಡಾಕ್ಟರು ಕೂಡ ಹಾಗೇ ಕರೆಯುತ್ತಿದ್ದರು. ಅಕ್ಕನಿಗೆ ಅದರಿಂದ ಬೇಜಾರೇನೂ ಇರಲಿಲ್ಲ. "ಸ್ಟೆತೋಸ್ಕೋಪ್ ಇಟ್ಕೊಂಡೋರು ಡಾಕ್ಟರು, ರಿಮೋಟ್ ಇಟ್ಕೊಂಡೋಳು ನಾನು. ಯಾರ ಮಾತು ಜಾಸ್ತಿ ನಡೆಯತ್ತೆ ಅಂತ ಆ ಕೋಣೇಲಿ ಬಂದು ನೋಡಿ" ಎನ್ನುತ್ತಿದ್ದರು.

ಆಳು ಗಿಡ್ಡ, ಗಟ್ಟಿ. ಎಂಥ ಭಾರದ ಮನುಷ್ಯನನ್ನೂ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿಬಿಡುತ್ತಿದ್ದರು. ಅವನಿಗೆ ನೋಯುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸ್ನಾನ ಬೇಡ ಎಂದು ಹಟ ಹಿಡಿದವರಿಗೆ, "ಬೇಡ ಬಿಡಿ, ಮೈಮೇಲೆ ಹುಲ್ಲು ಬೆಳೆದ್ಮೇಲೆ ಹಸು ಬಿಡ್ತೀವಿ" ಎಂದು ಹೇಳಿ, ಅವರು ನಗುತ್ತಿರುವಾಗಲೇ ಒರೆಸಲು ಶುರುಮಾಡಿರುತ್ತಿದ್ದರು.

ಕ್ರಿಸ್‌ಮಸ್ ದಿನದ ಡ್ಯೂಟಿಯನ್ನು ಎಲ್ಲರೂ ತಪ್ಪಿಸಿಕೊಳ್ಳಲು ನೋಡುವವರೇ. ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಅತ್ತೆಮನೆ. ರಿಮೋಟಕ್ಕ ಮಾತ್ರ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅವರ ಗಂಡ ಹೋಟೆಲಿನಲ್ಲಿ ಅಡುಗೆಯವರು. ಹಬ್ಬದ ದಿನ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮಕ್ಕಳಿರಲಿಲ್ಲ. "ಖಾಲಿ ಮನೇಲಿ ಕೂತು ಗೋಡೆ ನೋಡೋದಕ್ಕಿಂತ ಇಲ್ಲಿ ಕೂತು ಟಿವಿ ನೋಡೋದು ಮೇಲಲ್ವಾ ಸಿಸ್ಟರ್?" ಎಂದು ನನ್ನನ್ನು ಕೇಳಿದ್ದರು. ನಾನೂ ಅಷ್ಟೇ ಕಾರಣ ಎಂದುಕೊಂಡಿದ್ದೆ.

ಮನೆಗೆ ಕಳಿಸಬಹುದಾದವರನ್ನೆಲ್ಲ ಡಾಕ್ಟರು ಹಬ್ಬಕ್ಕೆ ಮುಂಚೆ ಕಳಿಸಿಬಿಡುತ್ತಿದ್ದರು. ಉಳಿಯುವವರು ಎಲ್ಲಿಗೂ ಹೋಗಲಾಗದವರು. ಅವರ ಮುಖ ಬೆಳಿಗ್ಗೆಯಿಂದಲೇ ಇಳಿದುಹೋಗಿರುತ್ತಿತ್ತು. ಇಂಥವರನ್ನು ಒಂದು ಟಿವಿಯ ಮುಂದೆ ಕೂರಿಸಿದರೆ ಏನಾಗುತ್ತದೆ? ಜಗಳವಾಗುತ್ತದೆ. ಒಂದು ವರ್ಷ ಸೊಂಟದ ಮೂಳೆ ಮುರಿದ ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರಿದ್ದರು. ಅವರಿಗೆ ಚರ್ಚಿನಿಂದ ನೇರಪ್ರಸಾರವಾಗುವ ಕ್ಯಾರಲ್ ಗಾಯನವೇ ಬೇಕು, ಅದೂ ಮೊದಲ ಹಾಡಿನಿಂದ. ಬಟ್ಟೆ ಹೊಲಿಯುವ ಅಜ್ಜಿಯೊಬ್ಬರಿಗೆ ತಾವು ದಿನಾ ನೋಡುವ ಹಾಸ್ಯ ಧಾರಾವಾಹಿಯ ಕ್ರಿಸ್‌ಮಸ್ ವಿಶೇಷ ಕಂತು ಬೇಕು. ವ್ಯಾನ್ ಓಡಿಸುವವನೊಬ್ಬನಿಗೆ ಕುಣಿಯುವ ಹಾಡುಗಳು ಬೇಕು, ತನ್ನ ಕಾಲು ಪ್ಲಾಸ್ಟರಿನಲ್ಲಿದ್ದರೂ.

"ಸತ್ತೋರ ಮನೇಲಿ ಹಾಡೋ ಹಾಗೆ ಹಾಡ್ತಾರೆ, ಅದನ್ನ ಏನು ನೋಡೋದು?" ಎಂದ ವ್ಯಾನಿನವನು.

"ನಿಂದು ಹಾಡೇನಪ್ಪಾ? ಪಾತ್ರೆ ಅಂಗಡಿಗೆ ಕೋತಿ ನುಗ್ಗಿದ ಹಾಗಿರತ್ತೆ" ಎಂದರು ಸ್ಟೇಷನ್ ಮಾಸ್ಟರ್.

ರಿಮೋಟಕ್ಕ ನಡುವೆ ನಿಂತು ತೀರ್ಪು ಕೊಟ್ಟರು. ತಿಂಡಿಯ ಹೊತ್ತಿಗೆ ಕ್ಯಾರಲ್. ಆಮೇಲೆ ಊಟದವರೆಗೆ ವ್ಯಾನಿನ ಹಾಡು, ಆದರೆ ಮೆಲ್ಲಗೆ. ಸಂಜೆಗೆ ಅಜ್ಜಿಯ ಹಾಸ್ಯ. "ಊಟ ಆದ್ಮೇಲೆ ಸಿನಿಮಾ. ಅದರಲ್ಲಿ ಮಾತಿಲ್ಲ. ಒಂದ್ಸಲ ಹಾಕಿದೆ ಅಂದ್ರೆ ಕೊನೇಲಿ ಹೆಸರು ಬರೋವರೆಗೂ ಚಾನೆಲ್ ಬದಲಾಗಲ್ಲ. ಛಾವಣಿ ಕುಸಿದ್ರೂ ಬದಲಾಗಲ್ಲ."

ಆ ಸಿನಿಮಾ ನಿಮಗೂ ಗೊತ್ತಿರುವ ಜಾತಿಯದೇ. ಪ್ರತಿ ವರ್ಷ ಅದೇ ದಿನ, ಅದೇ ಹೊತ್ತಿಗೆ ಒಂದು ಚಾನೆಲಿನವರು ಹಾಕುತ್ತಿದ್ದ ಹಳೇ ಚಿತ್ರ. ಹಡಗಿನಲ್ಲಿ ಬಡಗಿಯಾಗಿದ್ದವನೊಬ್ಬ ಎಷ್ಟೋ ವರ್ಷಗಳ ಮೇಲೆ ಕ್ರಿಸ್‌ಮಸ್ ಹಿಂದಿನ ಸಂಜೆ ಊರಿಗೆ ಬರುತ್ತಾನೆ. ಊರು ಗುರುತು ಸಿಗದಷ್ಟು ಬದಲಾಗಿದೆ, ಮನೆಯವರು ಎಲ್ಲಿಗೆ ಹೋದರೋ ತಿಳಿಯದು. ಆದರೆ ಮನೆಯ ಬಾಗಿಲನ್ನು ಮಾಡಿದವನು ಅವನೇ. ಎಲ್ಲಿ ಹೋದರೂ ಆ ಬಾಗಿಲನ್ನು ಬಿಟ್ಟು ಹೋಗುವುದಿಲ್ಲ ಎಂದು ಹೆಂಡತಿ ಮಾತು ಕೊಟ್ಟಿರುತ್ತಾಳೆ. ಅವನು ಬೀದಿ ಬೀದಿ ಅಲೆಯುತ್ತಾ ಬಾಗಿಲುಗಳನ್ನು ತಡವಿ ನೋಡುತ್ತಾ ಹಾಡುತ್ತಾನೆ: "ಬಾನಿನ ತಾರೆ, ದಾರಿಯ ತೋರೆ." ನೋಡುವವರು ಕಣ್ಣೊರೆಸಿಕೊಳ್ಳುವುದು ಕೊನೆಗೆ, ಬಾಗಿಲು ಸಿಕ್ಕಾಗ.

ಒಮ್ಮೆ ಮಧ್ಯದಲ್ಲಿ ಒಬ್ಬ ಎಳೆಯ ಡಾಕ್ಟರು ಬಂದು, ಮ್ಯಾಚಿನ ಸ್ಕೋರು ಎಷ್ಟಾಗಿದೆ, ಒಂದೇ ನಿಮಿಷ ಹಾಕಿ ತೋರಿಸಿ ಎಂದು ಕೇಳಿದರು. ರಿಮೋಟಕ್ಕ ಜೇಬಿನ ಮೇಲೆ ಕೈಯಿಟ್ಟುಕೊಂಡು, "ಡಾಕ್ಟ್ರೇ, ಆಪರೇಷನ್ ಮಧ್ಯದಲ್ಲಿ ನಾನು ಬಂದು ಒಂದೇ ನಿಮಿಷ ಚಾಕು ಕೊಡಿ ಅಂದ್ರೆ ಕೊಡ್ತೀರಾ?" ಎಂದರು. ಡಾಕ್ಟರು ಬಂದ ದಾರಿ ಹಿಡಿದರು. ಎಲ್ಲರೂ ನಕ್ಕರು. ಆದರೆ ಅಕ್ಕ ನಗಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಇನ್ನೂ ಒಂದನ್ನು ಗಮನಿಸಿದೆ. ಬಡಗಿಗೆ ಬಾಗಿಲು ಸಿಗುವ ಹೊತ್ತಿಗೆ ಅವರು ಕೋಣೆಯಲ್ಲಿ ಇರುತ್ತಿರಲಿಲ್ಲ. ಪಕ್ಕದ ಬಟ್ಟೆ ಕೋಣೆಗೆ ಹೋಗಿ, ಮಡಿಸಿಟ್ಟ ಬೆಡ್‌ಶೀಟುಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಿರುತ್ತಿದ್ದರು.

ಒಂದು ದಿನ ಚಹಾ ಕುಡಿಯುವಾಗ ನಾನು ಕೇಳಿಯೇಬಿಟ್ಟೆ. ಅವರು ಲೋಟವನ್ನು ಕೆಳಗಿಟ್ಟು ಹೇಳಿದರು.

ಆ ಸಿನಿಮಾ ಅವರ ಅಮ್ಮನ ಜೀವವಂತೆ. ಅಮ್ಮ ಊರಿನ ಶಾಲೆಯಲ್ಲಿ ಕಸ ಗುಡಿಸುತ್ತಿದ್ದವರು. ವರ್ಷವಿಡೀ ಆ ಹಾಡನ್ನು ಗುನುಗುತ್ತಿದ್ದರು, ಆದರೆ ತಮ್ಮದೇ ಮಾತು ಹಾಕಿಕೊಂಡು. ಪಾತ್ರೆ ತೊಳೆಯುತ್ತಾ "ಬಾನಿನ ತಾರೆ, ನೀರನು ತಾರೆ" ಎಂದು ರಾಗ ಎಳೆದರೆ ಮಗಳು ಓಡಿಹೋಗಿ ನೀರಿನ ಬಿಂದಿಗೆ ತರಬೇಕು. "ಬಾನಿನ ತಾರೆ, ಸೌದೆಯ ತಾರೆ" ಎಂದರೆ ಸೌದೆ. ಅಪ್ಪ ಬೇಗ ಹೋಗಿದ್ದರು. ಅಮ್ಮ, ಅಣ್ಣ, ತಾನು, ಮೂವರೂ ಒಂದೇ ಚಾಪೆಯ ಮೇಲೆ ಕೂತು ಪ್ರತಿ ಕ್ರಿಸ್‌ಮಸ್‌ಗೆ ಆ ಸಿನಿಮಾ ನೋಡುತ್ತಿದ್ದರು. ಅಣ್ಣ ಲಿಫ್ಟ್ ರಿಪೇರಿಯವನಾದ, ಮದುವೆಯಾಯಿತು. ತಂಗಿಗೆ ಮದುವೆಯಾಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಆಗಲೂ ಆ ಮಧ್ಯಾಹ್ನ ಮಾತ್ರ ಎಲ್ಲರೂ ಅಣ್ಣನ ಮನೆಯಲ್ಲಿ ಅಮ್ಮನ ಸುತ್ತ ಸೇರಬೇಕು.

"ಅಮ್ಮನ ಕೊನೇ ಕ್ರಿಸ್‌ಮಸ್ಸು ಅದು. ಕೊನೇದು ಅಂತ ನಮಗೇನು ಗೊತ್ತು? ಸ್ವಲ್ಪ ಸೊರಗಿದ್ಲು ಅಷ್ಟೇ. ನಾನೂ ಅತ್ತಿಗೆನೂ ಅಡುಗೆಮನೇಲಿ ಕೇಕ್ ಕತ್ತರಿಸ್ತಿದ್ವಿ. ಇನ್ನೇನು ಬಾಗಿಲು ಸಿಗತ್ತೆ ಅನ್ನೋ ಹೊತ್ತಿಗೆ ತಟ್ಟೆ ಹಿಡ್ಕೊಂಡು ಓಡಿಬಂದೆ ಸಿಸ್ಟರ್. ನೋಡಿದ್ರೆ ಟಿವೀಲಿ ಫುಟ್ಬಾಲ್ ಮ್ಯಾಚು! ಕಿವಿ ಕಿತ್ತುಹೋಗೋ ಹಾಗೆ ಸೌಂಡ್ ಇಟ್ಟಿದ್ದಾನೆ. ಅಮ್ಮ ಪಾಪ ಮೂಲೇಲಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಾಳೆ. ಹಾಕೋ ಸಿನಿಮಾನ ಅಂದೆ. 'ಸುಮ್ನಿರು, ಮ್ಯಾಚ್ ನಡೀತಿದೆ' ಅಂದ. ಹೊಸ ವರ್ಷ ಬಂದ ಮೇಲೆ ಅಮ್ಮ ತಿಂಗಳೂ ಇರಲಿಲ್ಲ."

ಅಂತ್ಯಕ್ರಿಯೆಯ ದಿನ ನೆಂಟರ ಮುಂದೆಯೇ ಅಕ್ಕ ಅಣ್ಣನಿಗೆ ಹೇಳಿದ್ದರಂತೆ: "ಒಂದು ಸಿನಿಮಾದ ಕೊನೆ ನೋಡೋಕೂ ಬಿಡ್ಲಿಲ್ಲ ನೀನು ಅವಳನ್ನ." ಅಣ್ಣ ತಲೆ ತಗ್ಗಿಸಿ ನಿಂತಿದ್ದನಂತೆ. ಅಲ್ಲಿಗೆ ಮಾತು ನಿಂತಿತು. ಒಂದೇ ಊರು, ನಡುವೆ ನಾಲ್ಕು ಬೀದಿ. ಅತ್ತಿಗೆ ಮಾತ್ರ ಇಬ್ಬರ ನಡುವೆ ಓಡಾಡುತ್ತಿದ್ದಳು. ಅವಳ ಕೈಯಲ್ಲೇ ಕೇಕು ಹೋಗುವುದು, ಅವಳ ಕೈಯಲ್ಲೇ ಖಾಲಿ ಡಬ್ಬಿ ಬರುವುದು.

"ಇಷ್ಟು ವರ್ಷ ಆಯ್ತಲ್ಲ ಅಕ್ಕಾ, ಸಣ್ಣ ವಿಷಯ" ಎಂದೆ.

"ಸಣ್ಣದೇ" ಎಂದರು ಅವರು. "ಕಣ್ಣಿಗೆ ಬಿದ್ದ ಕಸಾನೂ ಸಣ್ಣದೇ."

ಅದಾದ ಮುಂದಿನ ವರ್ಷ, ಕ್ರಿಸ್‌ಮಸ್‌ಗೆ ಎರಡು ದಿನ ಇದ್ದಾಗ, ನನ್ನ ಪಾಳಿಯಲ್ಲೇ ಒಬ್ಬ ಗಂಡಸು ತೊಡೆಯ ಮೂಳೆ ಮುರಿದುಕೊಂಡು ಬಂದ. ವಯಸ್ಸು ಐವತ್ತರ ಮೇಲೆ, ದೊಡ್ಡ ಮೈ, ಮಾತು ಕಡಿಮೆ. ಜೊತೆಗೆ ಬಂದ ಹೆಂಡತಿಗೆ ಅವನ ಪಾಲಿನ ಮಾತೂ ಸೇರಿಸಿ ದೇವರು ಕೊಟ್ಟಿದ್ದ. "ಲಿಫ್ಟಿನ ಕೆಲಸ ಸಿಸ್ಟರ್ ಇವರದು, ಹತ್ತನೇ ಮಹಡೀಲಿ ಹಗ್ಗ ಹಿಡ್ಕೊಂಡು ನೇತಾಡಿದೋರು. ಈಗ ಬಾಗಿಲಿಗೆ ನಕ್ಷತ್ರದ ದೀಪ ಕಟ್ಟೋಕೆ ಹೋಗಿ ಸ್ಟೂಲ್ ಮೇಲಿಂದ ಬಿದ್ದಿದಾರೆ. ಸ್ಟೂಲು! ಯಾರಿಗಾದ್ರೂ ಹೇಳೋಕಾಗತ್ತಾ?" ಲಿಫ್ಟು ಎಂದಾಗಲೂ ನನಗೆ ಹೊಳೆಯಲಿಲ್ಲ. ರಿಮೋಟಕ್ಕ ಆ ಎರಡು ದಿನ ರಜೆ ಹಾಕಿ ಗಂಡನ ಊರಿಗೆ ಹೋಗಿದ್ದರು, ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಆಪರೇಷನ್ ಆಗಿ ಕಾಲಿಗೆ ರಾಡು ಹಾಕಿದ್ದಾಯಿತು. ನೋವಿದೆಯೇ ಎಂದು ಕೇಳಿದಾಗಲೆಲ್ಲ ಅವನು "ಪರವಾಗಿಲ್ಲ" ಎನ್ನುತ್ತಿದ್ದ.

ಕ್ರಿಸ್‌ಮಸ್ ದಿನ ಊಟವಾದ ಮೇಲೆ, ಒಬ್ಬನೇ ಮಲಗಿ ಏನು ಮಾಡುತ್ತಾನೆ ಎಂದು ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಹಲಗೆಯ ಮೇಲೆ ಚಾಚಿಸಿ, ಟಿವಿ ಕೋಣೆಗೆ ತಳ್ಳಿಕೊಂಡು ಹೋದೆ. ರಿಮೋಟಕ್ಕ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ತಿರುಗಿ ನೋಡಿದರು. ಕೈಯಲ್ಲಿದ್ದ ಕುರ್ಚಿ ಹಾಗೇ ನಿಂತಿತು. ಅವನೂ ನೋಡಿದ. ಇಬ್ಬರ ಮೂಗೂ ಒಂದೇ ಅಚ್ಚಿನದು ಎಂದು ನನಗೆ ಆಗ ಕಾಣಿಸಿತು. ನಾನು ಮಾಡಿದ ಘನಕಾರ್ಯ ಅರ್ಥವಾಯಿತು.

"ವಾಪಸ್ ಕರ್ಕೊಂಡು ಹೋಗಲಾ ಅಕ್ಕಾ?" ಎಂದು ಪಿಸುಗುಟ್ಟಿದೆ.

"ಯಾಕೆ? ರೋಗಿ ತಾನೇ? ಹಿಂದೆ ನಿಲ್ಲಿಸಿ, ಕಾಲಿಗೆ ಯಾರೂ ತಗಲಬಾರದು" ಎಂದು ಹೇಳಿ ಅವರು ಟಿವಿ ಹಾಕಿದರು.

ಸಿನಿಮಾ ಶುರುವಾಯಿತು. ಅಕ್ಕ ಮುಂದಿನ ಸಾಲಿನಲ್ಲಿ, ಬೆನ್ನು ಕೋಲಿನ ಹಾಗೆ ನೆಟ್ಟಗೆ. ಅಣ್ಣ ಹಿಂದೆ. ಬಡಗಿ ಹಡಗಿನಿಂದ ಇಳಿದ, ಅಲೆಯತೊಡಗಿದ, ಹಾಡು ಬಂತು. ಕೋಣೆಯಲ್ಲಿದ್ದವರಿಗೆಲ್ಲ ಅದು ಬಾಯಿಪಾಠ, ಮೆಲ್ಲಗೆ ದನಿಗೂಡಿಸಿದರು. ಆ ದನಿಗಳ ನಡುವೆ ಹಿಂದಿನಿಂದ ಒಂದು ಒಡಕು ಗಂಟಲು ತನ್ನ ಪಾಡಿಗೆ ತಾನು ಹಾಡಿತು: "ಬಾನಿನ ತಾರೆ, ನೀರನು ತಾರೆ..."

ಮುಂದೆ ಕೂತಿದ್ದವನೊಬ್ಬ ಪಕ್ಕನೆ ನಕ್ಕ. "ದಾರಿ ತೋರೆ ಕಣ್ರೀ, ನೀರಲ್ಲ!"

"ನಮ್ಮನೇಲಿ ನೀರೇ" ಎಂದ ಅವನು, ನಾಚಿಕೊಂಡು.

ರಿಮೋಟಕ್ಕ ಎದ್ದರು. ಬಾಗಿಲು ಸಿಗುವುದಕ್ಕೆ ಇನ್ನೂ ಬಹಳ ಹೊತ್ತಿತ್ತು. ಯಾರ ಮುಖವನ್ನೂ ನೋಡದೆ ಬಟ್ಟೆ ಕೋಣೆಗೆ ನಡೆದರು. ಸ್ವಲ್ಪ ಹೊತ್ತಾದ ಮೇಲೆ ಅವನು ನನ್ನತ್ತ ತಿರುಗಿ, "ಸಿಸ್ಟರ್, ನನ್ನನ್ನ ಅಲ್ಲಿಗೆ ತಳ್ತೀರಾ?" ಎಂದ. ತಳ್ಳಿದೆ. ಕುರ್ಚಿ ಬಾಗಿಲಲ್ಲೇ ಸಿಕ್ಕಿಕೊಂಡಿತು. ಚಾಚಿದ ಕಾಲು ಒಳಗೆ, ನಾನು ಹೊರಗೆ. ಬಿಟ್ಟು ಹೋದರೆ ಕುರ್ಚಿ ಹಿಂದಕ್ಕೆ ಜಾರುತ್ತದೆ. ಆದ್ದರಿಂದ ಅಲ್ಲಿ ನಡೆದದ್ದನ್ನೆಲ್ಲ ನಾನು ಕೇಳಿಸಿಕೊಳ್ಳಬೇಕಾಯಿತು.

"ಪುಟ್ಟಿ" ಎಂದ ಅವನು.

ಅಕ್ಕ ಬೆಡ್‌ಶೀಟು ಕೊಡವಿದರು. "ಮ್ಯಾಚ್ ಬೇಕಿತ್ತಾ? ಇಲ್ಲಿ ಹಾಕಲ್ಲ."

"ಅಮ್ಮ ಹಾಕು ಅಂದಿದ್ಲು ಕಣೇ."

"ಏನು?"

"ಆವತ್ತು. ಮ್ಯಾಚ್ ಹಾಕು ಅಂದೋಳು ಅಮ್ಮ. ಜೋರಾಗಿ ಹಾಕು ಅಂದ್ಲು."

"ಸುಳ್ಳು. ಅಮ್ಮನಿಗೆ ಫುಟ್ಬಾಲೂ ಗೊತ್ತಿರಲಿಲ್ಲ, ಕುಂಬಳಕಾಯೂ ಗೊತ್ತಿರಲಿಲ್ಲ. ಸತ್ತೋಳ ಮೇಲೆ ಯಾಕೆ ಹಾಕ್ತೀಯ?"

ಅವನು ತಡವರಿಸಿದ. ಮಾತಿನಲ್ಲಿ ಪಳಗಿದವನಲ್ಲ. ಕುರ್ಚಿಯ ಹಿಡಿಯನ್ನು ಉಜ್ಜುತ್ತಾ ಒಂದೊಂದೇ ಮಾತು ತೆಗೆದ. "ಅವಳಿಗೆ ನೋವು ತಡ್ಕೊಳೋಕಾಗ್ತಿರಲಿಲ್ಲ. ಹೊಟ್ಟೇಲಿ. ಬೆಳಿಗ್ಗೆಯಿಂದ ಇತ್ತಂತೆ. ಸಿನಿಮಾ ಕೊನೇಲಿ ಹಾಡೂ ಇಲ್ಲ ಮಾತೂ ಇಲ್ಲ, ಬರೀ ಅವನು ಬಾಗಿಲು ಸವರೋದು. ಮನೆಯೆಲ್ಲ ನಿಶ್ಶಬ್ದ. ನರಳಿದ್ರೆ ನಿಂಗೆ ಕೇಳಿಸತ್ತೆ ಅಂತ ಭಯ ಅವಳಿಗೆ. ಏನಾದ್ರೂ ಗಲಾಟೆ ಇರೋದು ಹಾಕೋ ಅಂದ್ಲು. ಹಾಕ್ದೆ. ದಿಂಬಿನ ಮೂಲೆ ಹಲ್ಲಲ್ಲಿ ಕಚ್ಕೊಂಡಿದ್ಲು ಪುಟ್ಟಿ. ಜನ ಕೂಗಿದಾಗ ಮಾತ್ರ ಅದನ್ನ ಬಿಟ್ಟು ನರಳೋಳು. ಜನ ಸುಮ್ಮನಾದ್ರೆ ಮತ್ತೆ ಕಚ್ಕೊಳ್ಳೋಳು."

ಅಕ್ಕನ ಕೈಯಲ್ಲಿದ್ದ ಬೆಡ್‌ಶೀಟು ನೆಲಕ್ಕೆ ಜಾರಿತು. ಅವನ ಮಾತು ಸುಳ್ಳಲ್ಲ ಎಂದು ನನಗೂ ತಿಳಿಯಿತು. ಏಕೆಂದರೆ ನಮ್ಮ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆಲ್ಲ ಅದು ಗೊತ್ತು. ಸುಮ್ಮನೆ ಮಲಗಿದ್ದವರು ಇದ್ದಕ್ಕಿದ್ದಂತೆ "ಟಿವಿ ಸೌಂಡ್ ಸ್ವಲ್ಪ ಜಾಸ್ತಿ ಮಾಡಿ" ಎಂದರೆ ನಾವು ಟಿವಿ ನೋಡುವುದಿಲ್ಲ, ಅವರ ಮುಖ ನೋಡುತ್ತೇವೆ. ಇದನ್ನು ನನಗೆ ಕಲಿಸಿಕೊಟ್ಟವರು ರಿಮೋಟಕ್ಕನೇ. ಕಣ್ಣಾರೆ ಕಾಣದವನು ಕಟ್ಟಿ ಹೇಳುವ ಮಾತಲ್ಲ ಅದು.

"ನನಗ್ಯಾಕೆ ಹೇಳ್ಬಾರ್ದು?" ಅಕ್ಕನ ದನಿ ಏರಿತು. "ಆಸ್ಪತ್ರೇಲಿ ಇರೋಳು ನಾನು! ಮನೇಲೇ ಇದ್ದೆ! ಹತ್ತು ಹೆಜ್ಜೆ ದೂರದಲ್ಲಿ ಕೇಕ್ ಕತ್ತರಿಸ್ತಿದ್ದೆ!"

"ಅದಕ್ಕೇ. ನಿಂಗೆ ಗೊತ್ತಾದ್ರೆ ಆಗಲೇ ಎತ್ಕೊಂಡು ಆಸ್ಪತ್ರೆಗೆ ಓಡ್ತೀಯ ಅಂತ. 'ಇದೊಂದು ಹಬ್ಬ ಮನೇಲಿ ಮಾಡ್ತೀನಿ ಕಣೋ, ನಾಳೆ ನಾನೇ ಅವಳಿಗೆ ಹೇಳ್ತೀನಿ, ನೀನು ಬಾಯಿಬಿಡಬೇಡ' ಅಂತ ಆಣೆ ಹಾಕಿಸ್ಕೊಂಡ್ಲು. ನಾಳೆ ಹೇಳ್ಲಿಲ್ಲ. ಆಮೇಲೆ ಬಿದ್ದಾಗ ಎಲ್ಲರಿಗೂ ಗೊತ್ತಾಯ್ತು."

"ನೀನು ಹೇಳ್ಬಹುದಿತ್ತಲ್ಲ? ಅವಳು ಹೋದ್ಮೇಲೆ?"

"ಏನಂತ ಹೇಳ್ಲಿ? ನೀನು ಪಕ್ಕದಲ್ಲೇ ಇದ್ರೂ ನಿಂಗೆ ಗೊತ್ತಾಗ್ಲಿಲ್ಲ ಅಂತಲಾ? ಆವತ್ತು ಅಷ್ಟು ಅಳ್ತಿದ್ದೋಳಿಗೆ? ಬೈಯೋದಾದ್ರೆ ನನ್ನನ್ನೇ ಬೈಕೊಳ್ಳಲಿ ಅಂತ ಬಿಟ್ಟೆ. ಬೈದು ಬೈದು ಒಂದಿನ ಸುಸ್ತಾಗ್ತೀಯ ಅನ್ಕೊಂಡಿದ್ದೆ." ಅವನು ನಿಟ್ಟುಸಿರು ಬಿಟ್ಟ. "ನೀನು ಸುಸ್ತಾಗೋ ಪೈಕಿ ಅಲ್ಲ ಅಂತ ಮರೆತಿದ್ದೆ."

ಅಕ್ಕ ಬಟ್ಟೆ ಗಂಟಿನ ಮೇಲೆ ಕುಕ್ಕರಿಸಿದರು. ಆಮೇಲೆ ಅವನೇ ಕೇಳಿದ. ಆ ಪ್ರಶ್ನೆಯನ್ನು ಅವನು ವರ್ಷಗಟ್ಟಲೆ ಹೊತ್ತು ತಿರುಗಿದ್ದ ಎಂದು ದನಿಯಲ್ಲೇ ತಿಳಿಯುತ್ತಿತ್ತು. "ಆವತ್ತೇ ಕರ್ಕೊಂಡು ಹೋಗಿದ್ರೆ ಉಳೀತಿದ್ಲಾ? ನಾನು ಬಾಯಿ ಮುಚ್ಕೊಂಡಿದ್ದಕ್ಕೆ..."

ಅಕ್ಕ ತಲೆ ಎತ್ತಿದರು. ಅವರು ಬೇರೆ ಏನಾದರೂ ಹೇಳಬಹುದಿತ್ತು. ಇಷ್ಟು ವರ್ಷದ ಸಿಟ್ಟನ್ನು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೇ ಸಮಯ ಸಿಗುತ್ತಿರಲಿಲ್ಲ.

"ಇಲ್ಲ ಅಣ್ಣ" ಎಂದರು. "ಅಷ್ಟರಲ್ಲಿ ಕ್ಯಾನ್ಸರ್ ಎಲ್ಲಾ ಕಡೆ ಹಬ್ಬಿತ್ತು. ಡಾಕ್ಟರು ನನ್ನ ಹತ್ರ ಬಿಡಿಸಿ ಹೇಳಿದ್ರು. ಆವತ್ತು ಕರ್ಕೊಂಡು ಬಂದಿದ್ರೆ ಹಬ್ಬದ ದಿನ ಇಲ್ಲಿ ಮಲಗಿರ್ತಿದ್ಲು, ಅಷ್ಟೇ ವ್ಯತ್ಯಾಸ."

ಅವನು ಕೈಯಿಂದ ಮುಖ ಮುಚ್ಚಿಕೊಂಡ. ದೊಡ್ಡ ಭುಜಗಳು ಅಲುಗಿದವು. ಅಕ್ಕ ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟರು. ತಬ್ಬಿಕೊಳ್ಳುವ, ಬಿಕ್ಕುವ ಮನೆಯವರಲ್ಲ ಅವರು. ಕೈ ಅಲ್ಲೇ ಇತ್ತು, ಅಷ್ಟೇ. ನಂತರ ಅವರ ಕಣ್ಣು ಅವನ ಹಣೆಯ ಮೇಲೆ ನಿಂತಿತು. ಅಲ್ಲಿ ಬೆವರು ಸಾಲುಗಟ್ಟಿತ್ತು.

"ನಿಂಗೆ ಈಗ ನೋವಿದ್ಯಾ?"

"ಪರವಾಗಿಲ್ಲ."

"ಅಣ್ಣ, ನಿಜ ಹೇಳು."

"ಇದೆ. ಬಹಳ ಇದೆ. ಬೆಳಿಗ್ಗೆಯಿಂದ" ಎಂದ.

"ಅಯ್ಯೋ ನಿನ್ನ!" ಅಕ್ಕನ ಕೂಗಿಗೆ ಕಾರಿಡಾರೇ ತಿರುಗಿ ನೋಡಿತು. "ಆ ಅಮ್ಮನಿಗೆ ಹುಟ್ಟಿದ ಮಗ ನೀನು, ಅನುಮಾನವೇ ಇಲ್ಲ! ಬಾಯಿಬಿಟ್ಟು ಹೇಳಿದ್ರೆ ಗಂಟು ಹೋಗತ್ತಾ? ಸಿಸ್ಟರ್, ನೀವೂ ನಿಂತು ನೋಡ್ತಿದೀರಲ್ಲ, ಇಂಜೆಕ್ಷನ್ ತನ್ನಿ!"

ನಾನು ಓಡಿದೆ. ಮರಳಿ ಬರುವಾಗ ಟಿವಿ ಕೋಣೆಯಲ್ಲಿ ಹೆಸರುಗಳು ಮೇಲೇರುತ್ತಿದ್ದವು, ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ರಿಮೋಟಕ್ಕನನ್ನು ಕೇಳದೆ ಯಾರೂ ಚಾನೆಲ್ ಬದಲಾಯಿಸಿರಲಿಲ್ಲ. ಹೆಸರುಗಳು ಮುಗಿದು ಸಾಬೂನಿನ ಜಾಹೀರಾತು ಬಂದಿತು, ಅದನ್ನೂ ಶ್ರದ್ಧೆಯಿಂದ ನೋಡಿದರು.

ಅವನು ವಾರ್ಡಿನಲ್ಲಿ ಇದ್ದಷ್ಟು ದಿನವೂ ಅಣ್ಣತಂಗಿ ಜಗಳವಾಡಿದರು. ವ್ಯಾಯಾಮ ಮಾಡಲಿಲ್ಲವೆಂದು, ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟನೆಂದು. ಮಾತಿಲ್ಲದೆ ಕಳೆದ ವರ್ಷಗಳ ಬಾಕಿಯನ್ನೆಲ್ಲ ಅಕ್ಕ ಬಡ್ಡಿ ಸಮೇತ ತೀರಿಸಿದರು. ಅತ್ತಿಗೆ ನನ್ನನ್ನು ಮೂಲೆಗೆ ಕರೆದು, "ಇಷ್ಟು ದಿನ ಇಬ್ಬರ ಮಾತನ್ನೂ ನಾನೇ ಹೊತ್ತು ತಂದು ಕೊಡ್ತಿದ್ದೆ, ಈಗ ನನಗೆ ಕೆಲಸವೇ ಇಲ್ಲದ ಹಾಗಾಯ್ತು" ಎಂದು ಹೇಳಿ ಕಣ್ಣೊರೆಸಿಕೊಂಡರು.

ಮರುವರ್ಷದ ಕ್ರಿಸ್‌ಮಸ್‌ಗೆ ರಿಮೋಟಕ್ಕ ಮೊದಲ ಬಾರಿಗೆ ರಜೆ ಕೇಳಿದರು. ವಾರ್ಡು ಬೆಚ್ಚಿಬಿತ್ತು. ಆ ಬೆಳಿಗ್ಗೆ ಟಿವಿಯ ಮುಂದೆ ನಡೆದ ಕುರುಕ್ಷೇತ್ರವನ್ನು ನಾನು ಹೇಗೆ ಸುಧಾರಿಸಿದೆ ಎಂಬುದು ಬೇರೆಯೇ ಕಥೆ.

ಮಾರನೆಯ ದಿನ ಅಕ್ಕ ಡ್ಯೂಟಿಗೆ ಬಂದರು. ಹೇಗಾಯಿತು ಹಬ್ಬ ಎಂದು ಕೇಳಿದ್ದೇ ತಡ, ದೂರಿನ ಕಟ್ಟು ಬಿಚ್ಚಿದರು. ಅಣ್ಣನ ಮನೆಯ ಟಿವಿ ಅತಿ ದೊಡ್ಡದಂತೆ, ಕಣ್ಣು ಉರಿಯಿತಂತೆ. ಅತ್ತಿಗೆ ಸಿನಿಮಾದುದ್ದಕ್ಕೂ ಪಕ್ಕದ ಮನೆಯವರ ಸುದ್ದಿ ಹೇಳಿದಳಂತೆ. ಅಣ್ಣ ಅರ್ಧಕ್ಕೇ ಗೊರಕೆ ಹೊಡೆದನಂತೆ. ಹೋಟೆಲಿನ ಗಂಡ ಎಂದೂ ಇಲ್ಲದೆ ಬೇಗ ಬಂದು, ಕೇಕಿಗೆ ಸಕ್ಕರೆ ಜಾಸ್ತಿಯಾಯಿತು ಎಂದು ಅತ್ತಿಗೆಗೇ ಹೇಳಿ ಮುಖಭಂಗ ಮಾಡಿದರಂತೆ.

"ಸಾಕಪ್ಪಾ ಸಾಕು" ಎಂದು ಏಪ್ರನ್ ಕಟ್ಟಿಕೊಂಡರು. "ಇನ್ಮೇಲೆ ನನ್ನ ಹೆಸರು ಹಬ್ಬದ ಡ್ಯೂಟಿಗೇ ಬರ್ಕೊಂಡುಬಿಡಿ ಸಿಸ್ಟರ್."

ನಾನು ಬರೆದುಕೊಂಡೆ. ಮುಂದಿನ ವರ್ಷ ನವೆಂಬರ್ ಶುರುವಾಗುವ ಮೊದಲೇ ಅಕ್ಕ ಬಂದು ನನ್ನ ಮೇಜಿನ ಮುಂದೆ ನಿಂತು, ಕ್ರಿಸ್‌ಮಸ್‌ಗೆ ರಜೆ ಬೇಕು, ಈ ಸಲ ಎರಡು ದಿನ, ಎಂದರು.